ಪರೇಲಿನ ಖೋಲಿಯಲ್ಲಿ ಹೇಳಿದ ಒಡಪು

ಮುಂಬಯಿಗೆ ಬಂದ ದಿನವೇ ನಾನು ಗೊತ್ತಿಲ್ಲದವರ ಮನೆಯ ಸೊಸೆಯಾದೆ. ಪರೇಲಿನ ಚಾಳಿನ ಕಟ್ಟಿಗೆಯ ಮೆಟ್ಟಿಲು ಹತ್ತುವಾಗ, ಟ್ರಂಕು ಹೊತ್ತು ಮುಂದೆ ನಡೆದಿದ್ದ ನನ್ನ ಗಂಡ ನಡುವೆಯೇ ನಿಂತು ಸಣ್ಣ ದನಿಯಲ್ಲಿ ಹೇಳಿದರು: "ಮ್ಯಾಲೆ ಒಬ್ಬಾಕಿ ಮುದುಕಿ ಅದಾಳ. ನಾವು ಆಕಿ ಅಕ್ಕನ ಮಗ, ಸೊಸಿ. ಯಾರರ ಕೇಳಿದ್ರ ಇಷ್ಟ ಹೇಳು. ಆಕೀಗೆ ಮಾವಶಿ ಅನ್ನು." ಮಾವಶಿ ಎಂದರೆ ಮರಾಠಿಯಲ್ಲಿ ತಾಯಿಯ ತಂಗಿ. ಮೇಲೆ ಹೋಗಿ, ಅದುವರೆಗೆ ಮುಖವನ್ನೇ ಕಾಣದ ಆ ಹೆಂಗಸಿನ ಕಾಲು ಮುಟ್ಟಿದೆ. ಆಕೆ ಅಕ್ಕಪಕ್ಕದ ಬಾಗಿಲುಗಳಿಗೆ ಕೇಳಿಸುವಂತೆ, "ಬಂದೆಯಾ ಮಗಳೇ? ನಮ್ಮಕ್ಕ ಹೇಗಿದ್ದಾಳೆ?" ಎಂದು ಮರಾಠಿಯಲ್ಲಿ ಕೇಳಿದಳು. ನಾನು ಗೋಣು ಆಡಿಸಿದೆ.

ಗದಗಿನ ಮಗ್ಗುಲಿನ ನಮ್ಮೂರು ಬೆಟಗೇರಿಯಲ್ಲಿ ಕೂತು ಓದುವವರಿಗೆ ಇದು ಬಯಲಾಟದಂತೆ ಕಾಣಬಹುದು. ನಮ್ಮಲ್ಲಿ ಬಾಡಿಗೆಮನೆ ಬೇಕಾದರೆ ಓಣಿಯಲ್ಲಿ ನಾಲ್ಕು ಮಂದಿಗೆ ಹೇಳಿಟ್ಟರೆ ಆಯಿತು. ಇಲ್ಲಿ ಪಗಡಿ ಅಂತ ಒಂದಿದೆ. ಬಾಡಿಗೆ ಬೇರೆ, ಪಗಡಿ ಬೇರೆ. ಖೋಲಿಯೊಳಗೆ ಕಾಲಿಡುವ ಮೊದಲು ಮಾಲೀಕನ ಕೈಗಿಡಬೇಕಾದ ಗಂಟು ಅದು, ರಸೀದಿಯಿಲ್ಲ, ತಿರುಗಿ ಬರುವುದಿಲ್ಲ. ಗಿರಣಿಯಲ್ಲಿ ಬಟ್ಟೆ ಮಡಚುವ ಖಾತೆಯ ಆಳಿಗೆ ಅಂಥ ಗಂಟು ಎಲ್ಲಿಂದ ಬರಬೇಕು? ನನ್ನ ಗಂಡ ಮದುವೆಯಾದ ಮೇಲೂ ಗಂಡಸರೇ ತುಂಬಿದ ಒಂದು ಗಾಳಾದಲ್ಲಿ ಮಲಗುತ್ತಿದ್ದರು. ಗಾಳಾ ಎಂದರೆ ಉದ್ದನೆಯ ಬರಿಯ ಕೋಣೆ. ಹಗಲುಪಾಳಿಯವ ಎದ್ದ ಚಾಪೆಯ ಮೇಲೆ ರಾತ್ರಿಪಾಳಿಯವ ಬಂದು ಉರುಳುತ್ತಾನೆ. ಅಂಥಲ್ಲಿ ಹೆಂಡತಿಯನ್ನು ಕರೆತರುವುದು ಹೇಗೆ?

ಹಾಗಾಗಿ ಪೋಟಭಾಡೇಕರಿ, ಅಂದರೆ ಬಾಡಿಗೆದಾರರ ಕೈಕೆಳಗಿನ ಬಾಡಿಗೆದಾರರಾಗಿ ಇರುವುದು. ಮಾವಶಿಯ ಗಂಡ ಅದೇ ಗಿರಣಿಯಲ್ಲಿದ್ದು ತೀರಿಕೊಂಡಿದ್ದ. ಖೋಲಿ ಆಕೆಯ ಹೆಸರಿನಲ್ಲಿತ್ತು, ಮಗ ಕೊಂಕಣದ ಊರಲ್ಲಿದ್ದ, ಹೊಟ್ಟೆಗೆ ದಾರಿ ಬೇಕಿತ್ತು. ಪರರನ್ನು ಇಟ್ಟುಕೊಂಡರೆ ಮಾಲೀಕ ಆಕೆಯನ್ನೂ ಹೊರಗೆ ಹಾಕುತ್ತಾನೆ, ಬಳಗದವರಾದರೆ ತಕರಾರಿಲ್ಲ. ಅದಕ್ಕೇ ಆಕೆ, ನಮ್ಮಕ್ಕನನ್ನು ಗದಗಿನ ಕಡೆ ಕೊಟ್ಟಿತ್ತು ಎಂದು ಇಡೀ ಮಾಳಿಗೆಗೆ ಹೇಳಿ ಇಟ್ಟಿದ್ದಳು. ನನ್ನ ಮುರುಕು ಮರಾಠಿಗೂ ಅದರಿಂದ ಒಂದು ಕಾರಣ ಸಿಕ್ಕಿತು.

ಖೋಲಿಯ ನಡುವೆ ಒಂದು ಹಳೆಯ ಸೀರೆ ಇಳಿಬಿಟ್ಟಿದ್ದೆವು. ಆಚೆ ಮಾವಶಿ, ಈಚೆ ನಾವು. ಕೆಮ್ಮಿದರೂ ನಾಚಿಕೆ. ಗಿರಣಿಯ ಭೋಂಗಾ ಕೂಗುವ ಮೊದಲೇ ನಲ್ಲಿಗೆ ಕೊಡ ಇಡಬೇಕು, ಸಂಡಾಸಿಗೆ ಸರತಿ. ಜೋಳದ ರೊಟ್ಟಿ ಬಡಿದರೆ ಸಪ್ಪಳಕ್ಕೆ ಕೆಳಗಿನವರು ಬೈಯುತ್ತಾರೆಂದು ತಟ್ಟುವುದನ್ನೇ ಬಿಟ್ಟೆ. ಅತ್ತರೂ ಸದ್ದಾಗದಂತೆ ಅಳುವುದನ್ನು ಅಲ್ಲಿ ಕಲಿತೆ. ಆದರೂ ಆ ಖೋಲಿ ಇದ್ದುದರಿಂದ ನಾವಿಬ್ಬರೂ ಒಂದೇ ಊರಲ್ಲಿದ್ದೆವು. ಅದು ಹೋದರೆ ಅವರು ಗಾಳಾಕ್ಕೆ, ನಾನು ಬೆಟಗೇರಿಗೆ. ನಡುವೆ ಬೇರೆ ದಾರಿ ಇರಲಿಲ್ಲ.

ಮಾವಶಿ ಕೆಟ್ಟವಳಲ್ಲ. ನನಗೆ ದಿನ ತುಂಬುತ್ತ ಬಂದಾಗ ಕೊಡ ಎತ್ತಲು ಬಿಡುತ್ತಿರಲಿಲ್ಲ. ಸುಳ್ಳು ದಿನಾ ಹೇಳಿ ಹೇಳಿ ನಮ್ಮಿಬ್ಬರಿಗೂ ರೂಢಿಯಾಗಿಬಿಟ್ಟಿತ್ತು. ಆಕೆ ಅನ್ನ ಬಡಿಸುವಾಗ ನಾನು ನಿಜವಾಗಿಯೂ ಆಕೆಯ ಸೊಸೆ ಎಂದೇ ಅನಿಸುತ್ತಿತ್ತು.

ಸಂಕ್ರಾಂತಿಗೆ ನಮ್ಮ ಮಾಳಿಗೆಯ ಸುಲಭಾವಹಿನಿಯ ಖೋಲಿಯಲ್ಲಿ ಹಳದಿ-ಕುಂಕುಮ. ವಹಿನಿ ಎಂದರೆ ಅತ್ತಿಗೆ. ಚಾಳಿನಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಊರಲ್ಲಿದ್ದ ಮಾವಶಿಯ ಮೊಮ್ಮಗಳನ್ನು ಈ ವಹಿನಿಯ ಮೈದುನನಿಗೆ ಕೊಡುವ ಮಾತು ನಡೆದಿತ್ತು. ಎಳ್ಳುಬೆಲ್ಲ ಹಂಚಿದ ಮೇಲೆ ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳುವ ಆಟ ಶುರುವಾಯಿತು. ಅವರು ಅದನ್ನು ಉಖಾಣಾ ಅನ್ನುತ್ತಾರೆ, ನಾವು ಒಡಪು ಅನ್ನುತ್ತೇವೆ. ಬಂದಂದಿನಿಂದ ಮೊದಲ ಸಲ ಈ ಊರಿನಲ್ಲಿ ನನಗೆ ಗೊತ್ತಿದ್ದ ಒಂದು ಸಂಗತಿ ಕಂಡಿತ್ತು. ಎಷ್ಟು ಖುಷಿಯಾಯಿತೆಂದರೆ, ಒತ್ತಾಯಕ್ಕೂ ಕಾಯದೆ ನನ್ನ ಮದುವೆಯಲ್ಲಿ ಹೇಳಿದ ಒಡಪನ್ನೇ ಹೇಳಿಬಿಟ್ಟೆ:

"ಮಲ್ಲಿಗಿ ಹೂವ ಕೊಯ್ಯಾಕ ಮಾಳಿಗಿ ಏರಬೇಕಿಲ್ಲ,
ಅವ್ವನ ತಮ್ಮ ಶಂಕ್ರಪ್ಪ ಇರುವಾಗ ಹೊರಗಿನ ಗಂಡು ಬೇಕಿಲ್ಲ."

"ಅರ್ಥ ಹೇಳು" ಎಂದರು ಎಲ್ಲರೂ. ಹೇಳಿದೆ, ಅದೂ ಹೆಮ್ಮೆಯಿಂದ. ನನ್ನ ಗಂಡ ನನ್ನ ಅವ್ವನ ಒಡಹುಟ್ಟಿದ ತಮ್ಮ, ನನ್ನ ಅಜ್ಜಿಯೇ ನನ್ನ ಅತ್ತೆ ಎಂದೆ. ನಮ್ಮಲ್ಲಿ ಇದು ಹೆಣ್ಣಿನ ಪುಣ್ಯ. ಸೋದರಮಾವನ ಕೈ ಹಿಡಿದವಳಿಗೆ ಅತ್ತೆಮನೆಯ ಹೆದರಿಕೆಯೇ ಇಲ್ಲ ಎಂದು ಹಿರಿಯರು ತಲೆ ಸವರುತ್ತಾರೆ.

ಯಾರೂ ನಗಲಿಲ್ಲ. ವಹಿನಿಯ ಕೈಯಲ್ಲಿದ್ದ ಕುಂಕುಮದ ಬಟ್ಟಲು ನನ್ನ ಹಣೆಯ ಹತ್ತಿರ ಬಂದದ್ದು ಹಾಗೆಯೇ ಹಿಂದೆ ಸರಿಯಿತು. "ತಾಯಿಯ ತಮ್ಮನ ಜೊತೆಯೇ?" ಎಂದಳು ಒಬ್ಬಳು. ಇನ್ನೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವರಲ್ಲಿ ಅಕ್ಕನ ಮಗಳೆಂದರೆ ಸ್ವಂತ ಮಗಳಿದ್ದಂತೆ, ಅಂಥ ಮದುವೆಯ ಮಾತನ್ನೂ ಆಡುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ಎಲ್ಲರೂ ನನ್ನ ಹೊಟ್ಟೆಯನ್ನು ನೋಡಿದರು. ಆ ನೋಟಕ್ಕೆ ನಾನು ಎರಡೂ ಕೈ ಅಡ್ಡ ಹಿಡಿದೆ.

ಸಂಜೆ ವಹಿನಿ ಗ್ಯಾಲರಿಯಲ್ಲಿ ಎಲ್ಲರೆದುರು ಮಾವಶಿಯನ್ನು ಕೇಳಿದರು: "ನಿಮ್ಮ ಮನೆತನದಲ್ಲಿ ಹೀಗೂ ನಡೆಯುತ್ತದೆಯೇ? ನಾವು ಹೆಣ್ಣು ತರುವವರು, ನಮಗೆ ಗೊತ್ತಾಗಬೇಕು." ಹೌದು, ಅವರು ನಮ್ಮವರೇ ಎಂದರೆ ನಮ್ಮ ಖೋಲಿ ಉಳಿಯುತ್ತಿತ್ತು, ಮೊಮ್ಮಗಳ ಮದುವೆ ಮುರಿಯುತ್ತಿತ್ತು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಮಾವಶಿ ಒಮ್ಮೆ ನಮ್ಮ ಬಾಗಿಲ ಕಡೆ ನೋಡಿದಳು. ಆಮೇಲೆ, "ಅವರು ನನಗೆ ಏನೂ ಆಗಬೇಕಿಲ್ಲ. ಬಾಡಿಗೆಗೆ ಇಟ್ಟುಕೊಂಡಿದ್ದೇನೆ" ಎಂದಳು.

ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆಕೆಯ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಬಾಡಿಗೆ ವಸೂಲಿಯವನ ಕಿವಿಗೆ ಮಾತು ಮುಟ್ಟಲು ಹೊತ್ತು ಬೇಕಾಗಲಿಲ್ಲ. ನಮ್ಮನ್ನು ಖೋಲಿ ಬಿಡಿಸದಿದ್ದರೆ ಆಕೆಯೂ ಬೀದಿಗೆ ಎಂದು ಹೇಳಿ ಹೋದ. "ಸುಳ್ಳು ಹೇಳಿದಷ್ಟು ದಿನ ನಡೀತು ನೋಡು" ಎಂದರು ನನ್ನ ಗಂಡ, ಟ್ರಂಕಿಗೆ ಹಗ್ಗ ಬಿಗಿಯುತ್ತ. ನನ್ನನ್ನು ಬೈಯಲಿಲ್ಲ. ಹೊರಡುವಾಗ ಮಾವಶಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ನಿಜ ಹೇಳು. ಒಡಹುಟ್ಟಿದ ಮಾಮನೇ?" ಹೌದೆಂದೆ. ಕಾಲು ಮುಟ್ಟಲು ಬಾಗಿದರೆ ಆಕೆ ಕಾಲು ಹಿಂದೆ ತೆಗೆದುಕೊಂಡಳು. ಖೋಲಿ ಹೋದದ್ದಕ್ಕಿಂತ ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ನನ್ನನ್ನು ಬಾಣಂತನಕ್ಕೆ ಬೆಟಗೇರಿಗೆ ಕಳಿಸಿ ಅವರು ಗಾಳಾಕ್ಕೆ ಮರಳಿದರು. ರಜೆ ಇದ್ದಾಗಲೆಲ್ಲ ಮನೆ ಹುಡುಕಿದರು. ಸಯನ್ನಿನಲ್ಲಿ ನಮ್ಮ ಕನ್ನಡದವರೇ ಪಗಡಿ ಕೇಳಿದರು. ಕೊನೆಗೆ ಸಿಕ್ಕದ್ದು ಬೊರಿವಲಿಯಲ್ಲಿ, ಸ್ಟೇಷನ್ನಿನಿಂದ ಗದ್ದೆ ದಾಟಿ ನಡೆಯಬೇಕಾದ ಒಂದು ಪತ್ರಾಸಿನ, ಅಂದರೆ ತಗಡು ಹೊದಿಸಿದ, ಖೋಲಿ. ದೀಪವಿಲ್ಲ, ನೀರು ಬಾವಿಯದು. ಅದಕ್ಕೇ ಪಗಡಿಯೂ ಇಲ್ಲ. ಇವತ್ತಿಗೂ ಅಲ್ಲೇ ಇದ್ದೇವೆ. ಅವರು ಕತ್ತಲಲ್ಲಿ ಲೋಕಲ್ ಹಿಡಿದು ಹೋಗಿ ಕತ್ತಲಲ್ಲೇ ಬರುತ್ತಾರೆ. ಪಕ್ಕದ ಗುಜರಾತಿ ಹೆಂಗಸು, ಮದುವೆಗೆ ಮೊದಲು ಗಂಡ ಏನಾಗಬೇಕಿತ್ತು ಎಂದು ಕೇಳಿದಾಗ, ಏನೂ ಅಲ್ಲ, ಹೊರಗಿನವರು ಎಂದೆ. ನಾಲಿಗೆ ತಡವರಿಸಲಿಲ್ಲ.

ಆದರೆ ನನಗೆ ಏನಾಗಿದೆ ಎಂದು ತಿಳಿದದ್ದು ಬೊರಿವಲಿಗೆ ಬರುವ ಮೊದಲೇ, ಮಗಳ ಹೆಸರಿಡುವ ದಿನ. ನಮ್ಮನ್ನು ಕರೆದೊಯ್ಯಲು ಅವರು ಊರಿಗೆ ಬಂದಿದ್ದರು. ಕಾಲೇಜು ಸೇರಿದ್ದ ನನ್ನ ತಮ್ಮ ಕೂಸನ್ನು ಎತ್ತಿಕೊಂಡು ನಮ್ಮ ಕಡೆಯ ರೂಢಿಯ ಮಾತನ್ನೇ ಆಡಿದ: "ಇಕೀ ನನ್ನಾಕಿ ನೋಡವಾ. ಯಾರಿಗೂ ಮಾತು ಕೊಡಬ್ಯಾಡ." ಹೆಂಗಸರೆಲ್ಲ ನಕ್ಕರು. "ನಿಂದ ತಗೋಪಾ" ಎಂದು ನಾನು ಅನ್ನಬೇಕು, ಅದೂ ರೂಢಿಯೇ. ಅಜ್ಜಿ ಕಾಯುತ್ತಿದ್ದಳು.

ನಾನು ಕೂಸನ್ನು ಅವನ ಕೈಯಿಂದ ಕಿತ್ತುಕೊಂಡೆ. "ಛೀ, ಅಂಥಾ ಮಾತು ಆಡಬ್ಯಾಡ. ಇಕೀನ ಹೊರಗ ಕೊಡ್ತೀವಿ" ಅಂದೆ.

ಅವ್ವ ನನ್ನ ಮುಖ ನೋಡಿದಳು, ಆಮೇಲೆ ತನ್ನ ತಮ್ಮನ ಕಡೆ ತಿರುಗಿದಳು. ನನ್ನ ಗಂಡ ಬಾಗಿಲ ಬಳಿ ಕೂತಿದ್ದರು. ನನ್ನ ಛೀ ಎಂಬ ಮಾತು ಅವರಿಗೂ ಕೇಳಿಸಿತ್ತು. ಅವರು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.