ಅಕ್ಕನ ಕಾಯಿಲೆ, ನನ್ನ ಪಾಠ

ನಾನು ನರ್ಸಿಂಗ್ ಕಾಲೇಜಿನಲ್ಲಿ ಸಮುದಾಯ ಆರೋಗ್ಯದ ಪಾಠ ಮಾಡುತ್ತೇನೆ. ಪ್ರೆವಲೆನ್ಸ್, ಅಂದರೆ ರೋಗದ ವ್ಯಾಪಕತೆ, ವರ್ಷ ವರ್ಷ ಹೇಳುವ ಪಾಠ. ಹೊಸದಾಗಿ ಕಾಯಿಲೆ ಬಂದವರ ಲೆಕ್ಕ ಬೇರೆ. ಈ ಹೊತ್ತಿಗೆ ಊರಿನ ಜನರಲ್ಲಿ ಎಷ್ಟು ಪಾಲು ಮಂದಿ ಆ ಕಾಯಿಲೆಯೊಂದಿಗೆ ಬದುಕಿದ್ದಾರೆ ಎಂಬುದು ವ್ಯಾಪಕತೆ. ಹಳಬರು, ಹೊಸಬರು, ತಮಗೆ ಕಾಯಿಲೆ ಇದೆಯೆಂದೇ ತಿಳಿಯದವರು, ಎಲ್ಲರೂ ಅದರಲ್ಲಿ ಸೇರಬೇಕು.

ನನ್ನ ಅಕ್ಕ ಕೃಷ್ಣಮೂರ್ತಿಪುರಂನಲ್ಲಿ ಬಟ್ಟೆ ಹೊಲಿದುಕೊಂಡು ಒಬ್ಬಳೇ ಇದ್ದವಳು. ಅವಳ ಎರಡೂ ಕಿಡ್ನಿಗಳು ನೀರುಗುಳ್ಳೆ ತುಂಬಿ, ಕೆಲಸ ಮಾಡುವುದನ್ನೇ ನಿಲ್ಲಿಸಿದವು. ದಿನ ಬಿಟ್ಟು ದಿನ ನಾನು ಹಿನಕಲ್‌ನಿಂದ ಹೋಗಿ ಅವಳನ್ನು ಡಯಾಲಿಸಿಸ್‌ಗೆ ಕರೆದೊಯ್ಯುತ್ತಿದ್ದೆ. ಯಂತ್ರ ಅವಳ ರಕ್ತ ಶುದ್ಧ ಮಾಡುವಾಗ ಪಕ್ಕದಲ್ಲೇ ಕೂತು ಪಾಠಕ್ಕೆ ಓದಿಕೊಳ್ಳುತ್ತಿದ್ದೆ.

"ಏನೇ ಅದು, ಆಗಿಂದ ಓದ್ತಿದೀಯ?" ಎಂದು ಒಮ್ಮೆ ಕೇಳಿದಳು.

"ಒಂದು ಕಾಯಿಲೆ ಇರೋರು ಊರಲ್ಲಿ ಎಷ್ಟು ಜನ ಅಂತ ತಿಳ್ಕೊಳ್ಳೋದು ಹೆಂಗೆ ಅಂತ, ಅಕ್ಕ."

"ಹಂಗಾದ್ರೆ ಅದ್ರಲ್ಲಿ ನಾನೂ ಇದೀನಿ."

"ಇದೀಯ."

ಅವಳು ಎದುರಿನ ಖಾಲಿ ಮಂಚ ನೋಡಿದಳು. ಮೊನ್ನೆಯವರೆಗೆ ರಾಜೀವನಗರದಿಂದ ಬರುತ್ತಿದ್ದ ಹಿರಿಯರೊಬ್ಬರು ಅಲ್ಲಿ ಮಲಗಿ ಅವಳೊಂದಿಗೆ ಊಟ ತಿಂಡಿಯ ಮಾತಾಡುತ್ತಿದ್ದರು. ಅವರು ತೀರಿಕೊಂಡ ವಿಷಯ ಸಿಸ್ಟರ್ ನನಗೆ ಹೊರಗೆ ಹೇಳಿದ್ದರು, ನಾನು ಅಕ್ಕನಿಗೆ ಹೇಳಿರಲಿಲ್ಲ.

"ಅವರು ಈಗ ಲೆಕ್ಕದಲ್ಲಿಲ್ಲ, ಅಲ್ವಾ?" ಎಂದಳು. ನಾನು ತಲೆಯಾಡಿಸಿದೆ. "ಹಂಗೇ ಒಬ್ಬೊಬ್ರು ಹೋದ್ರೆ, ಕಾಯಿಲೆ ಕಮ್ಮಿ ಆಯ್ತು ಅಂತಾರಾ?"

"ಅನ್ನೋರು ಅಂತಾರೆ. ವಾಸಿಯಾಗಿ ಕಮ್ಮಿ ಆಯ್ತಾ, ಸತ್ತು ಕಮ್ಮಿ ಆಯ್ತಾ ಅಂತ ಕೇಳ್ಬೇಕು."

ಮನೆಗೆ ಮರಳುವಾಗ ಆಟೋದಲ್ಲಿ ಅಕ್ಕ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ನಂಗೆ ಸಾಕಾಗಿದೆ ಕಣೆ. ನಾಳಿದ್ದಿಂದ ನಾನು ಬರಲ್ಲ. ನನ್ನ ಬುಟ್ಬುಡು."

ಯಂತ್ರ ನಿಂತರೆ ಅವಳು ಹೆಚ್ಚು ದಿನ ಉಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬೇಡಿಕೊಂಡೆ, ಬೈದೆ. ಕಡೆಗೆ ನನ್ನದೇ ಒಂದು ಕಿಡ್ನಿ ಕೊಡುತ್ತೇನೆ, ಅಲ್ಲಿಯವರೆಗೆ ತಡೆದುಕೋ ಎಂದು ಕೈ ಹಿಡಿದುಕೊಂಡೆ. ಅವಳು ಒಪ್ಪಿದಳು, ಅರೆಮನಸ್ಸಿನಿಂದ.

ಇದು ವಂಶದಲ್ಲಿ ಬರುವ ಕಾಯಿಲೆ, ಮೊದಲು ನಿಮ್ಮ ಸ್ಕ್ಯಾನಿಂಗ್ ಆಗಲಿ ಎಂದರು ವೈದ್ಯರು. ನನಗೆ ಒಂದು ದಿನವೂ ಏನೂ ಆಗಿರಲಿಲ್ಲ, ಆ ಧೈರ್ಯದಲ್ಲೇ ಹೋದೆ. ಸ್ಕ್ಯಾನ್ ಮಾಡುತ್ತಿದ್ದ ಹುಡುಗಿ ಮೊದಮೊದಲು ಮಾತಾಡುತ್ತಿದ್ದವಳು, ನಡುವೆ ಎದ್ದು ಹೋಗಿ ವೈದ್ಯರನ್ನು ಕರೆತಂದಳು. ನನ್ನ ಕಿಡ್ನಿಗಳಲ್ಲೂ ಅದೇ ಗುಳ್ಳೆಗಳು. ಇಷ್ಟು ವರ್ಷ ಬೋರ್ಡಿನ ಮುಂದೆ ನಿಂತು ಕಾಯಿಲೆ ಇದ್ದೂ ತಿಳಿಯದವರೆಂದು ಯಾರ ವಿಷಯ ಹೇಳುತ್ತಿದ್ದೆನೋ, ಅವರಲ್ಲಿ ನಾನೂ ಒಬ್ಬಳಾಗಿದ್ದೆ. ಹೊರಗಿನ ಬೆಂಚಿನ ಮೇಲೆ ಕೂತವಳಿಗೆ ನನ್ನ ಚಿಂತೆ ಆಮೇಲೆ ಬಂತು. ಅಕ್ಕನಿಗೆ ಕೊಡಲು ನನ್ನ ಬಳಿ ಇನ್ನೇನೂ ಇಲ್ಲವಲ್ಲ ಎಂದೇ ಮೊದಲು ಅಳು ಬಂದದ್ದು.

ಅವಳಿಗೆ ಹೇಳಿದೆ. ಅವಳು ನನ್ನ ಸೊಂಟದ ಮೇಲೆ ಕೈಯಿಟ್ಟು, "ನೋವು ಬರತ್ತಾ?" ಎಂದಳು.

"ಇಲ್ಲ."

ಮರುದಿನ ನಾನು ಹೋಗುವಷ್ಟರಲ್ಲಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಡಯಾಲಿಸಿಸ್‌ಗೆ ಬರ್ತೀಯಾ ಎಂದು ಕೇಳಿದ್ದಕ್ಕೆ, "ನಾನೇ ಇದನ್ನ ಬುಟ್ಬುಟ್ರೆ ನಾಳೆ ನಿಂಗೆ ಹೆದರ್ಕೆ ಆಗಲ್ವಾ? ನಡಿ," ಎಂದಳು.

ಈಗಲೂ ಹೋಗುತ್ತಿದ್ದೇವೆ. ಅವಳ ಕೈಯಲ್ಲಿ ಸೂಜಿ ಚುಚ್ಚಲು ಜಾಗ ಸಿಗುವುದು ಕಷ್ಟವಾಗಿದೆ. ಬೇರೆ ಯಾರಿಂದಲಾದರೂ ಕಿಡ್ನಿ ಸಿಗುವ ಸೂಚನೆಯಿಲ್ಲ. ನಾನು ಬಿಪಿ ಮಾತ್ರೆ ನುಂಗುತ್ತೇನೆ, ಉಪ್ಪು ಬಿಟ್ಟಿದ್ದೇನೆ. ನನ್ನ ಮಗಳಿಗೂ ಬಂದಿರಬಹುದು ಎಂದು ವೈದ್ಯರು ಹೇಳಿದ್ದಾರೆ. ಸ್ಕ್ಯಾನಿಂಗ್ ಮಾತೆತ್ತಿದರೆ ಅವಳು ಎದ್ದು ಒಳಗೆ ಹೋಗುತ್ತಾಳೆ.