ಇನ್ನೂ ಇಬ್ಬರು ಬರಲಿ

ಬೇಸಿಗೆ ಬಂತೆಂದರೆ ಆ ಬೀದಿಯ ಕ್ಷೌರದಂಗಡಿಯಲ್ಲಿ, ಟೀ ಅಂಗಡಿಯಲ್ಲಿ, ಬಸ್ ನಿಲ್ದಾಣದ ಬೆಂಚಿನ ಮೇಲೆ ಒಂದೇ ಚರ್ಚೆ: ಈ ಸಲ ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಎಷ್ಟು ಜನ ಹೊಸ ಆಟಗಾರರು ಬೇಕು? ಕ್ಷೌರದವನು ಮೂವರು ಸಾಕು ಎನ್ನುತ್ತಿದ್ದ. ಲಾಂಡ್ರಿಯವನು, ಒಬ್ಬ ಒಳ್ಳೆ ಗೋಲ್‌ಕೀಪರ್ ಸಿಕ್ಕಿದರೆ ಉಳಿದದ್ದು ತಾನಾಗಿ ನೆಟ್ಟಗಾಗುತ್ತದೆ ಎಂದು ಮೇಜು ಕುಟ್ಟುತ್ತಿದ್ದ. ಮಹಡಿಯಕ್ಕ ಮಾತ್ರ ತರಕಾರಿ ಚೀಲ ಕೈಯಿಂದ ಕೈಗೆ ಬದಲಾಯಿಸಿಕೊಳ್ಳುತ್ತ ಒಂದು ಗಳಿಗೆ ನಿಂತು ಹೇಳುತ್ತಿದ್ದಳು: "ಹೋದ ಸಲ ಎಂಟು ಜನ ತಂದ್ರಲ್ಲ? ಈ ಸಲ ಇನ್ನೂ ಇಬ್ಬರು ಬರಲಿ, ಬಿಡಿ."

"ಬಾಡಿಗೆ ಬರುತ್ತಲ್ಲ ಅಕ್ಕ, ನೀವು ಅನ್ನದೆ ಇನ್ಯಾರು ಅಂತಾರೆ!" ಎಂದು ಅವರು ನಗುತ್ತಿದ್ದರು. ಅವಳೂ ನಕ್ಕು ಮುಂದೆ ಹೋಗುತ್ತಿದ್ದಳು.

ಅವಳ ಮನೆ ಸ್ಟೇಡಿಯಮ್ಮಿನ ಹಿಂದಿನ ಗೇಟಿಗೆ ಎದುರಾಗಿತ್ತು. ಕೆಳಗೆ ಗಂಡ ಹೆಂಡತಿ. ಮೇಲೆ ಮೂರು ಕೋಣೆ, ಹೊರಗಿನಿಂದ ಹತ್ತಿಹೋಗುವ ಕಬ್ಬಿಣದ ಮೆಟ್ಟಿಲು. ಹೊಸದಾಗಿ ಬಂದ ಆಟಗಾರರಿಗೆ ಕ್ಲಬ್ಬು ಆ ಕೋಣೆಗಳನ್ನೇ ಗೊತ್ತು ಮಾಡುತ್ತಿತ್ತು. ಕಂಬಿಯ ಮೇಲೆ ಸದಾ ಒದ್ದೆ ಕಾಲುಚೀಲ, ಮೆಟ್ಟಿಲ ತುಂಬ ನೋವಿನ ಮುಲಾಮಿನ ವಾಸನೆ. ಊಟಕ್ಕೆ ಎಲ್ಲರೂ ಅವಳ ಅಡುಗೆಮನೆಯ ಉದ್ದನೆ ಮೇಜಿಗೇ ಇಳಿದು ಬರುತ್ತಿದ್ದರು. ಮಹಡಿಯಕ್ಕ ಎಂಬ ಹೆಸರು ಹಾಗೆ ಬಂದದ್ದು. ಮದುವೆಗೆ ಮುಂಚಿನ ಹೆಸರು ಈಗ ಅವಳ ತಮ್ಮನ ಬಾಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಅವಳ ಗಂಡನನ್ನು ಒಂದು ಕಾಲದಲ್ಲಿ ಊರೆಲ್ಲ 'ಗೋಡೆ' ಎಂದು ಕರೆಯುತ್ತಿತ್ತು. ಅದೇ ಕ್ಲಬ್ಬಿನ ಡಿಫೆಂಡರ್, ಕೊನೆಯ ನಾಲ್ಕು ವರ್ಷ ಕ್ಯಾಪ್ಟನ್. ಒಂದು ಸೀಸನ್ನಿನ ಕೊನೆ ಪಂದ್ಯದ ಹೊತ್ತಿಗೆ ಅವನ ಮೊಣಕಾಲು ಕುಂಬಳಕಾಯಿಯ ಹಾಗೆ ಊದಿಕೊಂಡಿತ್ತು. ಕ್ಲಬ್ಬಿನ ಸೆಕ್ರೆಟರಿ ಬಂದು ಪಕ್ಕದಲ್ಲಿ ಕೂತು, "ಇದೊಂದು ಆಡಿಬಿಡು. ಮುಂದಿಂದು ನನ್ನ ಜವಾಬ್ದಾರಿ. ನೀನಿಲ್ದೆ ಈ ಕ್ಲಬ್ ಇದೆಯಾ?" ಎಂದ. ಗೋಡೆ ಇಂಜೆಕ್ಷನ್ ಚುಚ್ಚಿಸಿಕೊಂಡು ಆಡಿದ. ಕ್ಲಬ್ಬು ಗೆದ್ದಿತು. ಮೊಣಕಾಲು ಹೋಯಿತು.

ಸೆಕ್ರೆಟರಿಯ ಬಾಯಲ್ಲಿ ಯಾವಾಗಲೂ ಒಂದೇ ಮಾತು: "ಹೊಸ ನೀರು ಬರಬೇಕು ಕಣ್ರೀ, ಹೊಸ ನೀರು." ಜನ ಅವನಿಗೆ ಹೊಸನೀರು ಎಂದೇ ಹೆಸರಿಟ್ಟಿದ್ದರು. ಆ ಬೇಸಿಗೆಯೂ ಎಂಟು ಜನರನ್ನು ತಂದ. ಗೋಡೆ ಆಸ್ಪತ್ರೆಯಿಂದ ಬಿಡುಗಡೆಯಾದ ವಾರವೇ, ಹೊಸ ಹುಡುಗರನ್ನು ಮಾತಾಡಿಸಬೇಕು, ಕ್ಯಾಪ್ಟನ್ ಆಗಿ ಅದು ತನ್ನ ಕೆಲಸ ಎಂದು ಊರುಗೋಲಿನ ಮೇಲೆ ಹೊರಟ. ಹೆಂಡತಿ ತೋಳು ಹಿಡಿದು ಜೊತೆಗೆ ಹೋದಳು. ಗೇಟಿನಲ್ಲಿ ವಾಚ್‌ಮನ್ ತಲೆ ತಗ್ಗಿಸಿಕೊಂಡು ಒಂದು ಪ್ಲಾಸ್ಟಿಕ್ ಚೀಲ ಕೊಟ್ಟ. ಒಳಗೆ ಗೋಡೆಯ ಬೂಟು, ಟವೆಲ್ಲು, ಬಾಚಣಿಗೆ. "ಒಳಗೆ ಜಾಗ ಬೇಕಾಗಿತ್ತಂತೆ ಸರ್. ನನ್ನ ಬೈಬೇಡಿ."

ಮೈದಾನದಲ್ಲಿ ಹೊಸನೀರು ಹೊಸಬರನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದ. ಗೇಟಿನ ಕಡೆ ತಿರುಗಿ ನೋಡಿದ. ಗೋಡೆ ಕೈ ಎತ್ತಿದ. ಹೊಸನೀರು ಫೋಟೋದವನಿಗೆ ಹೇಳಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು: "ಆ ಇಬ್ಬರನ್ನ ಸ್ವಲ್ಪ ಪಕ್ಕಕ್ಕೆ ಹೋಗೋಕೆ ಹೇಳಪ್ಪ. ಹಿಂದೆ ಅಡ್ಡ ಬರ್ತಾರೆ."

ಇಬ್ಬರೂ ಪಕ್ಕಕ್ಕೆ ಹೋದರು. ಅದೇ ಅವಳಿಗೆ ನುಂಗಲಾಗದೇ ಹೋದದ್ದು. ಕಾಲು ಹೋದದ್ದನ್ನು ಸಹಿಸಿಕೊಂಡಳು, ಕೆಲಸ ಹೋದದ್ದನ್ನು ಸಹಿಸಿಕೊಂಡಳು. ಆ ಮಾತು ಕೇಳಿ ತಾವಿಬ್ಬರೂ ಕುರಿಗಳ ಹಾಗೆ ಸುಮ್ಮನೆ ಸರಿದು ನಿಂತದ್ದನ್ನು ಮಾತ್ರ ಸಹಿಸಲಾಗಲಿಲ್ಲ. ಪಾತ್ರೆ ತಿಕ್ಕುವಾಗ ನೆನಪಾದರೆ ಪಾತ್ರೆಯ ತಳ ಸವೆಯುವ ಹಾಗೆ ತಿಕ್ಕುತ್ತಿದ್ದಳು.

ಗೋಡೆ ಒಂದು ಹಾರ್ಡ್‌ವೇರ್ ಅಂಗಡಿಯ ಕೌಂಟರಿಗೆ ಸೇರಿಕೊಂಡ. ಮೊಳೆ, ತಿರುಪು, ಕೊಳಾಯಿ ಎಂದುಕೊಂಡು ಕೆಲವೇ ವರ್ಷದಲ್ಲಿ ಹಳೆಯದನ್ನೆಲ್ಲ ಬದಿಗಿಟ್ಟ. ಮಹಡಿ ಬಾಡಿಗೆಗೆ ಬೇಕೆಂದು ಕ್ಲಬ್ಬಿನವರು ಕೇಳಿ ಕಳಿಸಿದಾಗ ಅವನೇ, "ಬೇಡ ಅನ್ನು, ನಿಂಗೆ ಹಿಂಸೆ ಆಗುತ್ತೆ" ಎಂದಿದ್ದ.

"ಕೊಡೋಣ ರೀ," ಎಂದಿದ್ದಳು ಅವಳು. "ಕಣ್ಣೆದುರಿಗೇ ಇರಲಿ."

ಆಗ ಅವಳ ತಲೆಯಲ್ಲಿ ಯಾವ ಉಪಾಯವೂ ಇರಲಿಲ್ಲ. ದ್ವೇಷಕ್ಕೆ ಒಂದು ಕಿಟಕಿ ಬೇಕಾಗಿತ್ತು, ಅಷ್ಟೇ. ಉಪಾಯ ಹೊಳೆದದ್ದು ಮಹಡಿ ಕೊಟ್ಟ ಮೇಲಿನ ಮೊದಲ ಬೇಸಿಗೆ ಮುಗಿಯುವಾಗ. ಎಂಟು ಜನ ಹೊಸಬರು ಬಂದರೆಂದರೆ ಎಂಟು ಜನ ಹಳಬರು ಹೊರಗೆ. ಅವರಲ್ಲಿ ಮೂವರು ಅವಳ ಮೇಜಿನ ಮೇಲೇ ತಲೆಯಿಟ್ಟು ಅತ್ತರು. ಒಬ್ಬ ಎದೆಯುಬ್ಬಿಸಿ ನಡೆಯುವ ಗೋಲ್‌ಕೀಪರ್; ಅವನಂತೂ ಮಗುವಿನ ಹಾಗೆ ಬಿಕ್ಕಿದ. ತಟ್ಟೆಗೆ ಬಡಿಸುತ್ತ ಅವಳಿಗೆ ನೆನಪಾಯಿತು: ಕ್ಲಬ್ಬು ಯಾವ ಸಾಹುಕಾರನ ಸ್ವತ್ತೂ ಅಲ್ಲ, ಮೆಂಬರುಗಳದ್ದು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಸಭೆ. ಮೂವತ್ತು ನಲವತ್ತು ಜನ ಬಂದು, ಹೊಸನೀರು ಹೇಳಿದ ಸಂಖ್ಯೆಗೆ ಕೈಯೆತ್ತಿ, ಟೀ ಬಿಸ್ಕತ್ತು ಮುಗಿಸಿ ಹೋಗುತ್ತಿದ್ದರು.

"ಅಳಬೇಡ," ಎಂದಳು ಗೋಲ್‌ಕೀಪರಿಗೆ. "ಒಂದು ಕೆಲಸ ಮಾಡು. ಮೆಂಬರ್ ಆಗು. ಕರೆದಾಗ ಬಾ."

"ಯಾವತ್ತು ಅಕ್ಕ?"

"ಕರೆದಾಗ."

ಅಂದಿನಿಂದ ಪ್ರತಿ ಬೇಸಿಗೆಯೂ ಹೊಸನೀರು ಹೊಸಬರನ್ನು ತರುತ್ತ ಹೋದ, ಮಹಡಿಯಕ್ಕ ಹಳಬರನ್ನು ಕೂಡಿಹಾಕುತ್ತ ಹೋದಳು. ಹೊರಬಿದ್ದವರಲ್ಲಿ ಕೆಲವರು ಅದೇ ಊರಲ್ಲಿ ಬಸ್ಸು ಓಡಿಸಿದರು, ಜಿಮ್ ನಡೆಸಿದರು, ಎಲೆಕ್ಟ್ರಿಕ್ ಅಂಗಡಿ ಇಟ್ಟರು. ಅವರ ಹೆಂಡಿರು, ಅಣ್ಣಂದಿರು, ಮಾವಂದಿರು, ಮಹಡಿಯಕ್ಕ ಕೂಡ ಮೆಂಬರಾದರು. ತನ್ನ ಕೋಟೆಯ ಕಲ್ಲನ್ನು ತಾನೇ ಕಿತ್ತು ಎದುರಾಳಿಗೆ ಕೊಡುತ್ತಿದ್ದೇನೆಂದು ಹೊಸನೀರಿಗೆ ಗೊತ್ತೇ ಆಗಲಿಲ್ಲ. "ಹೊಸ ನೀರು ಅಂದ್ರೆ ಏನು ಅಂತ ಅರ್ಥ ಮಾಡ್ಕೊಂಡಿರೋದು ಇಡೀ ಬೀದೀಲಿ ನೀವೊಬ್ಬರೇ ಕಣಮ್ಮ!" ಎಂದು ಅವಳನ್ನೇ ಹೊಗಳುತ್ತಿದ್ದ. ಅವಳು ಅವನ ಟೀಗೆ ಇನ್ನೊಂದು ಚಮಚ ಸಕ್ಕರೆ ಹಾಕುತ್ತಿದ್ದಳು.

ಕಷ್ಟವಾದದ್ದು ಸೀಟಿಯ ವಿಷಯದಲ್ಲಿ.

ಸೀಟಿ ಮೈದಾನದ ಎಡಗಡೆ ಆಡುವ ಹುಡುಗ. ಸದಾ ಶಿಳ್ಳೆ ಹಾಕುತ್ತ ಮೆಟ್ಟಿಲಿಳಿಯುತ್ತಿದ್ದುದರಿಂದ ಆ ಹೆಸರು. ಎರಡು ಸೀಸನ್ ಮಹಡಿಯಲ್ಲಿದ್ದ. ಗೋಡೆ ಅಂಗಡಿಯಿಂದ ಸುಸ್ತಾಗಿ ಬಂದರೆ ಹುಡುಗ ಅವನ ಕಾಲಿಗೆ ಮುಲಾಮು ತಿಕ್ಕುತ್ತಿದ್ದ. ಅವಳಿಗೂ ಗೋಡೆಗೂ ಮಕ್ಕಳಿರಲಿಲ್ಲ. ಸೀಟಿ ಒಮ್ಮೆ ಬಾಯಿತಪ್ಪಿ ಅವಳನ್ನು "ಅಮ್ಮ" ಎಂದುಬಿಟ್ಟು, ತಾನೇ ನಾಚಿ, ಎರಡು ದಿನ ಊಟಕ್ಕೆ ಕೂತಾಗ ತಲೆಯೆತ್ತಿರಲಿಲ್ಲ.

ಒಂದು ಸಂಜೆ ಹೊಸನೀರು ಟೀ ಕುಡಿಯುತ್ತ ಕೇಳಿದ: "ಮೇಲಿರೋ ಆ ಎಡಗಡೆ ಹುಡುಗ ಹೆಂಗಮ್ಮ? ಆಟ ಪರವಾಗಿಲ್ಲ. ಶಿಸ್ತಿದೆಯಾ? ಇಟ್ಕೊಳ್ಳೋದಾ, ಬಿಡೋದಾ ಅಂತ ಯೋಚನೆ ಮಾಡ್ತಿದೀನಿ."

ಒಂದು ಮಾತು ಸಾಕಾಗಿತ್ತು. ಚಿನ್ನದಂಥ ಹುಡುಗ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವಳು ಲೋಟ ಒರೆಸುತ್ತ ಹೇಳಿದಳು: "ಆಟದ ವಿಷಯ ನಂಗೇನು ಗೊತ್ತು ಸರ್. ಹೊಸಬರು ಬಂದ್ರೆ ಒಳ್ಳೇದೇ ಅಲ್ವಾ?"

ಮರುದಿನವೇ ಸೀಟಿಯನ್ನು ಕ್ಲಬ್ಬಿನಿಂದ ಬಿಟ್ಟರು; ಅವನೂ ಮೇಜಿನ ಮೇಲೆ ತಲೆಯಿಟ್ಟ. ಬಿಸಿ ಹಾಲಿನ ಲೋಟ ಮುಂದಿಟ್ಟು, ಅವನ ಕೂದಲಲ್ಲಿ ಕೈಯಾಡಿಸುತ್ತ, "ಮೆಂಬರ್ ಆಗು," ಎಂದಳು. ಒಳಕೋಣೆಯ ಬಾಗಿಲಲ್ಲಿ ಗೋಡೆ ನಿಂತಿದ್ದ. ಹಿಂದಿನ ಸಂಜೆಯ ಮಾತೂ ಅವನ ಕಿವಿಗೆ ಬಿದ್ದಿತ್ತು. ಹುಡುಗ ಮೇಲೆ ಹೋದಮೇಲೆ ಅವನು ಹೇಳಿದ್ದು ಇಷ್ಟೇ: "ಒಂದು ಮಾತು ಹೇಳಿದ್ರೆ ಉಳೀತಿದ್ದ ಕಣೇ."

"ಉಳಿದಿದ್ರೆ ಕೈಯೆತ್ತೋಕೆ ಬರ್ತಿರ್ಲಿಲ್ಲ."

ಗೋಡೆ ಅವಳನ್ನು ಯಾರೋ ಪರಿಚಯವಿಲ್ಲದವಳನ್ನು ನೋಡುವಂತೆ ನೋಡಿ ಒಳಗೆ ಹೋದ.

ಮರುವರ್ಷದ ಬೇಸಿಗೆಗೆ ಹೊಸನೀರು ಖುಷಿಯಲ್ಲಿ ತೇಲುತ್ತ ಬಂದ. "ಈ ಸಲ ಹನ್ನೆರಡು ಅಂತ ಇದೀನಿ. ಇಡೀ ಟೀಮೇ ಹೊಸದು! ಜಾಗ ಸಾಕಾಗುತ್ತಾ?"

"ಮಾಡಿಕೊಡ್ತೀನಿ ಸರ್. ಇನ್ನೂ ಇಬ್ಬರು ಬಂದ್ರೂ ಆಗುತ್ತೆ," ಎಂದಳು. ಅವನು ಗೇಟು ದಾಟುವಷ್ಟರಲ್ಲಿ ಫೋನು ಕೈಗೆತ್ತಿಕೊಂಡಳು. "ಭಾನುವಾರ ಬೆಳಿಗ್ಗೆ," ಎಂದಷ್ಟೇ ಹಳಬರಲ್ಲಿ ಒಬ್ಬೊಬ್ಬರಿಗೂ ಹೇಳಿದಳು. ಯಾರೂ ಏಕೆಂದು ಕೇಳಲಿಲ್ಲ.

ಸಭೆ ನಡೆಯುವುದು ಸ್ಟೇಡಿಯಮ್ಮಿನ ಗ್ಯಾಲರಿಯ ಕೆಳಗಿನ ಹಾಲಿನಲ್ಲಿ. ತಗ್ಗು ಚಾವಣಿ, ಕಿರುಗುಟ್ಟುವ ಫ್ಯಾನು. ಆ ಭಾನುವಾರ ಕುರ್ಚಿ ಸಾಲದೆ ಜನ ಕಂಬಗಳಿಗೊರಗಿ ನಿಂತರು. "ನೋಡಿ, ನೋಡಿ, ಕ್ಲಬ್ಬಿನ ಮೇಲೆ ಎಂಥ ಅಭಿಮಾನ!" ಎಂದು ಹೊಸನೀರು ಕೈ ಉಜ್ಜಿಕೊಂಡ. ಆಮೇಲೆ ಮುಖಗಳು ಒಂದೊಂದಾಗಿ ಕಣ್ಣಿಗೆ ಬೀಳತೊಡಗಿದವು. ಮುಂದಿನ ಸಾಲಿನಲ್ಲಿ ಆ ಗೋಲ್‌ಕೀಪರ್. ಅವನ ಹಿಂದೆ, ಮದುವೆಯ ಮರುದಿನವೇ ಹೊರಹಾಕಿಸಿಕೊಂಡ ಡಿಫೆಂಡರ್, ಅವನ ಹೆಂಡತಿ. ಬಾಗಿಲ ಬಳಿ ಸೀಟಿ. ಹೊಸನೀರಿನ ದನಿ ಸಣ್ಣಗಾಯಿತು. ಆದರೂ ಹನ್ನೆರಡರ ಮಾತೆತ್ತಿದ. "ಹೊಸ ನೀರು ಬರಬೇಕು..."

ಮಹಡಿಯಕ್ಕ ಎದ್ದು ನಿಂತಳು. ಅಷ್ಟು ಜನರ ಮುಂದೆ ಅವಳು ಯಾವತ್ತೂ ಮಾತಾಡಿದವಳಲ್ಲ. ಆದರೆ ಮಾತು ಬಾಯಿಪಾಠವಾಗಿತ್ತು.

"ಸೆಕ್ರೆಟರಿಯವರು ಹೇಳೋದು ಸರಿಯಾಗಿದೆ. ಹೊಸಬರು ಬೇಕು. ಆದ್ರೆ ಹನ್ನೆರಡು ಜನ ಬೇಡ, ಒಬ್ಬರು ಸಾಕು. ಆಟಗಾರರಲ್ಲ, ಸೆಕ್ರೆಟರಿ. ಒಪ್ಪೋರು ಕೈಯೆತ್ತಿ."

ಮೊದಲು ಎದ್ದದ್ದು ಸೀಟಿಯ ಕೈ. ಆಮೇಲೆ ಗ್ರೀಸು ಮೆತ್ತಿದ ಕೈ, ಬಳೆಯ ಕೈ, ಕ್ಷೌರದವನ ಕೈ; ಹಾಲಿನ ಉದ್ದಕ್ಕೂ ಕೈಯೋ ಕೈ. ಎಣಿಸುವ ಅಗತ್ಯವೇ ಬೀಳಲಿಲ್ಲ. ಹೊಸನೀರಿನ ಮುಖ ಬಿಳಿಚಿಕೊಂಡು, ಕೆಂಪಾಗಿ, ಮತ್ತೆ ಬಿಳಿಚಿಕೊಂಡಿತು. ಅವಳು ಅದನ್ನು ಹಸಿದವಳು ಅನ್ನ ನೋಡುವಂತೆ ನೋಡಿದಳು.

ಜನ ಚದುರಿದ ಮೇಲೆ ಅವನು ಅವಳ ಬಳಿ ಬಂದ. ಕೋಪವಿರಲಿಲ್ಲ, ದಿಕ್ಕು ತಪ್ಪಿದವನ ಹಾಗಿದ್ದ. "ನಾನು ನಿಮಗೇನಮ್ಮ ಮಾಡಿದ್ದೆ? ಬಾಡಿಗೆ ಒಂದು ತಿಂಗಳೂ ತಡ ಮಾಡಿಲ್ಲವಲ್ಲ?"

ಈ ಪ್ರಶ್ನೆಗಾಗಿಯೇ ಅವಳು ಇಷ್ಟು ವರ್ಷ ಕಾದಿದ್ದಳು. ಒಂದೊಂದು ಪದವನ್ನೂ ಹಲ್ಲಿನ ನಡುವೆ ಹಿಡಿದು ಹೇಳಿದಳು: ಇಂಜೆಕ್ಷನ್ನು, ಗೇಟು, ಪ್ಲಾಸ್ಟಿಕ್ ಚೀಲ, ಫೋಟೋ.

ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. "ಯಾವ ಫೋಟೋ?"

ನಟನೆಯಲ್ಲ. ಅವನಿಗೆ ನಿಜಕ್ಕೂ ನೆನಪಿರಲಿಲ್ಲ. ಎತ್ತಿದ ಏಟು ಗಾಳಿಗೆ ಹೋದ ಹಾಗಾಯಿತು ಅವಳಿಗೆ. ಒಂದು ಕ್ಷಣ ತಬ್ಬಿಬ್ಬಾಗಿ, ಮರುಕ್ಷಣ ಇನ್ನಷ್ಟು ಉರಿದುಕೊಂಡು ಹೇಳಿದಳು: "ನೆನಪಾಗೋವರೆಗೂ ಮನೇಲಿ ಕೂತು ಯೋಚನೆ ಮಾಡಿ. ಇನ್ಮೇಲೆ ಬಿಡುವು ಚೆನ್ನಾಗಿ ಸಿಗುತ್ತೆ."

ಗೋಡೆ ಸಭೆಗೆ ಬಂದಿರಲಿಲ್ಲ. ಅವಳು ಮನೆಗೆ ಬಂದಾಗ ಸೋರುವ ನಲ್ಲಿಗೆ ವಾಷರ್ ಹಾಕುತ್ತ ಕೂತಿದ್ದ.

"ಆಯ್ತಾ?"

"ಆಯ್ತು. ಅವನಿಗೆ ನೆನಪೇ ಇಲ್ಲ ರೀ."

ಗೋಡೆ ನಲ್ಲಿ ತಿರುಗಿಸಿ ನೋಡಿದ. "ನಂಗೂ ಎಂದೋ ಮರೆತುಹೋಗಿರ್ತಿತ್ತು. ನೀನು ಮರೆಯೋಕೆ ಬಿಡಬೇಕಾಗಿತ್ತು ಅಷ್ಟೇ." ನಲ್ಲಿ ನಿಲ್ಲಿಸಿ ಕೇಳಿದ: "ಸೀಟಿಗೆ ಹೇಳಿದ್ಯಾ?"

"ಇಲ್ಲ."

"ಹೇಳ್ತೀಯಾ?"

ಅವಳು ಒಲೆಯ ಕಡೆ ತಿರುಗಿ ನಿಂತಳು.

ಹೊಸ ಸೆಕ್ರೆಟರಿಯಾಗಿ ಆರಿಸಿದ್ದು ಆ ಗೋಲ್‌ಕೀಪರನ್ನೇ. ಆ ಬೇಸಿಗೆ ಅವನು ತೆಗೆದುಕೊಂಡದ್ದು ಒಬ್ಬನೇ ಒಬ್ಬ ಆಟಗಾರನನ್ನು, ಅದೂ ಹಳಬ: ಸೀಟಿ. ಹುಡುಗ ಶಿಳ್ಳೆ ಹಾಕಿಕೊಂಡು ಪೆಟ್ಟಿಗೆಯೊಂದಿಗೆ ಮಹಡಿಗೆ ಮರಳಿದ. ಎಲ್ಲ ಅಕ್ಕನಿಂದಲೇ ಆದದ್ದು ಎಂದು ಈಗ ರಾಜಾರೋಷವಾಗಿ ಅವಳನ್ನು ಅಮ್ಮ ಎನ್ನತೊಡಗಿದ. ಪ್ರತಿ ಸಲವೂ ಅವಳಿಗೆ ಅಂಗಾಲಿಗೆ ಮುಳ್ಳು ಹೊಕ್ಕಂತಾಗುತ್ತಿತ್ತು. ಅವನ ತಟ್ಟೆಗೆ ಒಂದು ಸೌಟು ಹೆಚ್ಚು ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ.

ಕ್ಲಬ್ಬು ಮೊದಲ ನಾಲ್ಕು ಪಂದ್ಯ ಸೋತಿತು. "ಇಬ್ಬರನ್ನಾದ್ರೂ ತರಬೇಕಾಗಿತ್ತು," ಎಂದು ಲಾಂಡ್ರಿಯವನು ಅವಳಿಗೆ ಕೇಳಿಸುವಂತೆ ಗೊಣಗಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಆಟದಲ್ಲಿ ಅವಳಿಗೆ ಆಸಕ್ತಿಯಿರಲಿಲ್ಲ. ಹೊಸನೀರು ಈಗ ಮೇಲಿನ ಮೆತ್ತನೆ ಕುರ್ಚಿ ಬಿಟ್ಟು ಸಾಮಾನ್ಯರ ಗ್ಯಾಲರಿಯಲ್ಲಿ ಟಿಕೆಟ್ ಕೊಂಡು ಕೂರುತ್ತಿದ್ದ. ಅವಳು ಸರಿಯಾಗಿ ಅವನ ಹಿಂದಿನ ಸಾಲಿನಲ್ಲಿ ಟಿಕೆಟ್ ತೆಗೆದುಕೊಳ್ಳುತ್ತಿದ್ದಳು. ಅವನ ಕತ್ತಿನ ಹಿಂಭಾಗ ನೋಡುತ್ತ ಕೂರುವುದೇ ಅವಳ ಆಟ. ಅವನ ಕಿವಿ ಕೆಂಪಾಗುತ್ತಿತ್ತು. ಜಾಗ ಬದಲಿಸಿದರೆ ಮುಂದಿನ ವಾರ ಅವಳೂ ಬದಲಿಸುತ್ತಿದ್ದಳು.

"ಸಾಕು ಬಿಡೇ, ಸತ್ತ ಹಾವು ಅವನು," ಎನ್ನುತ್ತಿದ್ದ ಗೋಡೆ.

"ಇನ್ನೂ ಬಾಲ ಆಡ್ತಾ ಇದೆ," ಎನ್ನುತ್ತಿದ್ದಳು.

ಐದನೇ ಪಂದ್ಯದ ಕೊನೆಗೆ ಸೀಟಿ ಎಡಗಡೆಯಿಂದ ಮೂವರನ್ನು ದಾಟಿ ಗೋಲು ಹೊಡೆದ. ಇಡೀ ಗ್ಯಾಲರಿ ಎದ್ದು ಕೂಗಿತು. ಹೊಸನೀರು ಮೈಮರೆತು ಹಿಂದೆ ತಿರುಗಿ, ಸಿಕ್ಕಿದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. "ನೋಡಿದ್ರಾ! ಹುಡುಗ ಅಂದ್ರೆ ಹುಡುಗ! ಇವನನ್ನ ಯಾರು ಬಿಟ್ಟಿದ್ದು?" ಆಮೇಲೆ ಅದು ಯಾರ ಕೈಯೆಂದು ನೋಡಿದ. ಬಿಟ್ಟದ್ದು ಯಾರೆಂದೂ ಅವನಿಗೆ ನೆನಪಾಗಿರಬೇಕು. ಬಾಯಿ ಹಾಗೆಯೇ ತೆರೆದುಕೊಂಡಿತು.

ಅವಳ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. 'ನೀನು' ಎನ್ನಬೇಕೆಂದಿದ್ದಳು, ಅದರ ಹಿಂದೆಯೇ 'ನಾನು' ಎಂಬುದೂ ಬಂದು ನಿಂತಿತು. ಎರಡನ್ನೂ ನುಂಗಿದಳು. ಕೈ ಕಿತ್ತುಕೊಂಡು, ಅವನು ನೋಡುತ್ತಿರುವಂತೆಯೇ ಕರವಸ್ತ್ರ ತೆಗೆದು, ಬೆರಳು ಬೆರಳನ್ನೂ ನಿಧಾನವಾಗಿ ಒರೆಸಿಕೊಂಡಳು. ಸುತ್ತಲೂ ಜನ ಇನ್ನೂ ಕುಣಿಯುತ್ತಿದ್ದರು. ಅವಳು ಕೂತಳು, ಕಾಲ ಮೇಲೆ ಕಾಲು ಹಾಕಿ, ಅವನು ಮುಂದಕ್ಕೆ ತಿರುಗಲೆಂದು ಕಾದಳು.