ಗೋಡೆಯ ಮೇಲೆ ಈಜಿದ ಮನೆ

ಮದುವೆಯಾಗಿ ತಂಬ್ರಹಳ್ಳಿಯ ಮನೆಗೆ ಕಾಲಿಟ್ಟ ದಿನವೇ ಬಾಗಿಲ ಚೌಕಟ್ಟು ನನ್ನ ಹಣೆಗೆ ಬಡಿದಿತ್ತು. ಸೇರು ಒದೆಯುವ ಗಡಿಬಿಡಿಯಲ್ಲಿ ತಲೆ ಬಗ್ಗಿಸಬೇಕೆಂದು ಯಾರೂ ಹೇಳಿರಲಿಲ್ಲ. ಅಂದಿನಿಂದ ಹದಿನಾಲ್ಕು ವರ್ಷ ಆ ಗಿಡ್ಡ ಬಾಗಿಲಿಗೂ ನನಗೂ ಜಗಳ. ಫ್ರಿಜ್ ತಂದ ದಿನವಂತೂ ಇಡೀ ಓಣಿಯ ಮುಂದೆ ಅದನ್ನು ಬೈದಿದ್ದೆ. ಈ ವರ್ಷ ಮನೆಯ ಮುಂಭಾಗ ಹೊಸದಾಗಿ ಕಟ್ಟಿಸುವ ಮಾತು ಬಂದಾಗ, ಮೊದಲು ಅದನ್ನು ಕಿತ್ತೊಗೆಯಿರಿ ಎಂದೆ. ಗಂಡ ತಲೆಯಾಡಿಸಿದರು. ಎಂಬತ್ತು ದಾಟಿದ ಮಾವ ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅದು ಅವರ ಅಪ್ಪನ ಕಾಲದ ಬಾಗಿಲು. ಅವರು ಒಪ್ಪದೆ ಅದರ ಒಂದು ಮೊಳೆ ಕೀಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಹುಬ್ಬಳ್ಳಿಯ ಅಂಗಡಿಯಲ್ಲಿ ಹೊಸ ಬಾಗಿಲು ನೋಡಿಯಾದರೂ ಬರೋಣವೆಂದು ನಾನು ಹೊರಟೆ. ಬೇಸಿಗೆ ರಜೆಯಲ್ಲಿದ್ದ ಇಬ್ಬರು ಮಕ್ಕಳೂ ಗಂಟುಬಿದ್ದರು. ನೆಲ, ಗೋಡೆ ಎಲ್ಲವೂ ಪರದೆಯಾಗಿ, ಮುಟ್ಟಿದರೆ ಚಿತ್ರಗಳು ಓಡಾಡುವ ಜಾಗವೊಂದು ಅಲ್ಲಿದೆಯೆಂದು ಮಗಳು ಗೆಳತಿಯಿಂದ ಕೇಳಿದ್ದಳು. ಮೊದಲು ಅದು, ಆಮೇಲೆ ಬಾಗಿಲು ಎಂದು ಕರಾರಾಯಿತು. ಬಸ್ಸಿಗೆ ಹೊರಡುವ ಹೊತ್ತಿಗೆ ಮಾವ ಒಗೆದ ಧೋತರ ಉಟ್ಟು ಕಟ್ಟೆಯ ಮೇಲೆ ಕೂತಿದ್ದರು. ತಾವೂ ಬರುತ್ತಾರಂತೆ. ಅಂಗಡಿಯವನ ಮುಂದೆಯೇ ಬೇಡವೆಂದು ನನ್ನ ಮಾನ ಕಳೆಯುವುದಕ್ಕೇ ಹೊರಟಿದ್ದಾರೆ ಅನಿಸಿತು.

ದಾರಿಯುದ್ದಕ್ಕೂ ಅವರು ಅಂಗಿ ಜೇಬಿನಿಂದ ಒಂದು ಸುತಳಿ ತೆಗೆದು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ನೋಡಿ ನೋಡಿ ನನಗೆ ತಲೆಚಿಟ್ಟು ಹಿಡಿಯಿತು. ಒಳಗಿಡ್ರಿ ಅದನ್ನ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಆ ಜಾಗದಲ್ಲಿ ಒಂದೊಂದು ಕೋಣೆಗೆ ಇಷ್ಟೇ ನಿಮಿಷ ಎಂದು ಲೆಕ್ಕ. ಹೊತ್ತಾದರೆ ಗಂಟೆ ಬಾರಿಸುತ್ತದೆ, ಮುಂದಿನ ಕೋಣೆಗೆ ಹೋಗಬೇಕು. ಬಾಗಿಲಂಗಡಿಯವನು ಮೂರರೊಳಗೆ ಬನ್ನಿ, ಆಮೇಲೆ ಮದುವೆಗೆ ಹೋಗುವವನಿದ್ದೇನೆ ಎಂದು ಫೋನಿನಲ್ಲಿ ಹೇಳಿದ್ದ. ನನಗೋ ಗಂಟೆ ಬಾರಿಸುವ ಮೊದಲೇ ಹೊರಡುವ ಅವಸರ. ಮೊದಲ ಕೋಣೆಯಲ್ಲಿ ಕಾಲಿಟ್ಟ ಕಡೆ ನೆಲದ ಮೇಲೆ ಹೂ ಅರಳುತ್ತಿದ್ದವು. ಮಗ ಕುಣಿದಾಡಿದ. ಮಾವ ಮೆಟ್ಟು ಹೊರಗೆ ಬಿಟ್ಟು, ಹೂ ತುಳಿಯಬಾರದೆಂದು ಗೋಡೆಗೆ ಅಂಟಿಕೊಂಡು ತುದಿಗಾಲಲ್ಲಿ ನಡೆದರು. ಅಲ್ಲೂ ಹೂ ಅರಳಿ ಅವರನ್ನು ಪೇಚಿಗೆ ಸಿಕ್ಕಿಸಿದವು. ಬೇರೆ ದಿನವಾಗಿದ್ದರೆ ನಕ್ಕು ಸಾಕಾಗುತ್ತಿತ್ತು. ಅವತ್ತು ಮೊಬೈಲಿನಲ್ಲಿ ಹೊತ್ತು ನೋಡುತ್ತ, ಬೇಗ ಬೇಗ ಎಂದು ಮೂವರನ್ನೂ ನೂಕಿಕೊಂಡು ಹೋದೆ.

ಮೂರನೆಯ ಕೋಣೆಯ ಒಂದಿಡೀ ಗೋಡೆ ಸಮುದ್ರವಾಗಿತ್ತು. ಮೇಜಿನ ಮೇಲೆ ಮೀನಿನ ಗೆರೆಚಿತ್ರಗಳು, ಬಣ್ಣದ ಪೆನ್ಸಿಲ್ಲುಗಳು. ಬಣ್ಣ ತುಂಬಿ ಯಂತ್ರದೊಳಗೆ ಕೊಟ್ಟರೆ ನಮ್ಮ ಮೀನು ಗೋಡೆಯ ನೀರಿನಲ್ಲಿ ಈಜತೊಡಗುತ್ತದೆ. ಮಗ ಮೀನಿಗೆ ಕೆಂಪು ಬಳಿದ. ಮಗಳು ಹಾಳೆ ಮಗುಚಿ, ಹಿಂಬದಿಯಲ್ಲಿ ಒಂದು ಮನೆ ಬರೆದು ಯಂತ್ರಕ್ಕೆ ಕೊಟ್ಟಳು. ಆ ಯಂತ್ರಕ್ಕೆ ಮನೆ ಯಾವುದು, ಮೀನು ಯಾವುದು ಗೊತ್ತಿಲ್ಲವಲ್ಲ. ನೀಲಿ ಬಾಗಿಲಿನ ಮನೆ ಮೀನಿನಂತೆ ಬಳುಕುತ್ತ ನೀರಿನೊಳಗೆ ಬಂತು. ಅಲ್ಲಿದ್ದ ಮಕ್ಕಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಬೆಂಚಿನ ಮೇಲೆ ಕೂತಿದ್ದ ಮಾವ ಎದ್ದು ಗೋಡೆಯ ಹತ್ತಿರ ಹೋದರು.

“ಯಾರ ಮನಿ ಇದು?”

“ನಮ್ದು ಅಜ್ಜಾ. ನೀರಾಗ ಹೋತಲ್ಲ, ಅದು.”

ಡ್ಯಾಮ್ ಕಟ್ಟಿದಾಗ ಮಾವನ ಹುಟ್ಟೂರು ಹಿನ್ನೀರಿನಲ್ಲಿ ಮುಳುಗಿದ್ದು ನಮ್ಮ ಮಕ್ಕಳಿಗೆಲ್ಲ ಗೊತ್ತು. ಮಾವ ಸ್ವಲ್ಪ ಹೊತ್ತು ಆ ಮನೆ ಈಜುವುದನ್ನು ನೋಡಿದರು.

“ಹಂಗಾರ ಬಾಗ್ಲಾ ತಗೀ ಯವ್ವಾ. ಆ ಮನಿಗಿ ಬಾಗ್ಲಾ ಇರ್ಲಿಲ್ಲ.”

ಅವಳು ಇನ್ನೊಂದು ಹಾಳೆ ಎಳೆದುಕೊಂಡಳು. ಅವಳು ಬರೆಯುತ್ತಿದ್ದಂತೆ ಅವರು ಹೇಳುತ್ತ ಹೋದರು. ಊರು ಬಿಡಬೇಕೆಂದಾಗ ಅವರಪ್ಪ ಬಾಗಿಲನ್ನು ಚೌಕಟ್ಟು ಸಮೇತ ಬಿಚ್ಚಿದರಂತೆ. ಬಂಡಿಯಲ್ಲಿ ಕೆಳಗೆ ತೊಲೆ, ಮೇಲೆ ಅಡ್ಡಲಾಗಿ ಬಾಗಿಲು, ಅದರ ಮೇಲೆ ನಾಲ್ಕು ಮಕ್ಕಳು. ಎಲ್ಲರಿಗಿಂತ ಚಿಕ್ಕವರು ಇವರು. ಬಾಗಿಲಿಲ್ಲದ ಆ ಮನೆಯ ಮುಂದೆ ಅವರವ್ವ ಅವತ್ತೂ ಸಾರಿಸಿ ರಂಗೋಲಿ ಹಾಕಿಯೇ ಬಂಡಿ ಹತ್ತಿದರಂತೆ. ಬಾಗಿಲು ಹಳೆಯ ಊರಿನದೆಂದು ಗಂಡ ಒಮ್ಮೆ ಹೇಳಿದ್ದ ನೆನಪು ನನಗಿತ್ತು. ಹೇಗೆ ತಂದರೆಂದು ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಬೈಯುವುದಕ್ಕೆ ಬೇಕಾದಷ್ಟು ಪುರುಸೊತ್ತು ಸಿಕ್ಕಿತ್ತು ನನಗೆ.

ಎರಡನೆಯ ಮನೆ ಗೋಡೆಗೆ ಬಂತು. ಬಾಗಿಲ ಜಾಗದಲ್ಲಿ ಬರೀ ಕಪ್ಪು. ಮಗನ ಕೆಂಪು ಮೀನು ಅದರ ಮುಂದೆ ಹಾದುಹೋಯಿತು. ಮಾವ ಕೈಯೆತ್ತಿ ಆ ಕಪ್ಪನ್ನು ಮುಟ್ಟಿದರು. ಆ ಗೋಡೆಯಲ್ಲಿ ಮುಟ್ಟಿದ ಮೀನು ಬೆದರಿ ಓಡುತ್ತದೆ, ಹಾಗೆಯೇ ಮನೆಯೂ ಸರಕ್ಕನೆ ಮೂಲೆಗೆ ಓಡಿತು. ಅವರ ಕೈ ಅಲ್ಲೇ ನಿಂತುಬಿಟ್ಟಿತು. ನಾನೆಂಥ ಹೆಂಗಸು ಅನಿಸಿತು.

“ಮಾವಾರ, ಅಂಗಡಿಗೆ ಹೋಗಾದು ಬ್ಯಾಡ ಬಿಡ್ರಿ. ಇದ್ದ ಬಾಗ್ಲಾನ ಇರ್ಲಿ,” ಎಂದೆ.

ಅವರು ತಿರುಗಿ ನನ್ನನ್ನು ನೋಡಿದರು. ಜೇಬಿನಿಂದ ಆ ಸುತಳಿ ತೆಗೆದರು. ಒಂದು ತುದಿಯನ್ನು ಮೊಮ್ಮಗಳ ಕೈಗೆ ಕೊಟ್ಟು, ನನ್ನ ಕಾಲ ಹತ್ತಿರ ನೆಲಕ್ಕೆ ಒತ್ತಿ ಹಿಡಿಯಲು ಹೇಳಿದರು. ಇನ್ನೊಂದು ತುದಿಯನ್ನು ಮೇಲಕ್ಕೆ ಎಳೆದರು. ಇದೂ ಒಂದು ಆಟವೆಂದುಕೊಂಡು ಪಕ್ಕದ ಮಕ್ಕಳು ಸುತ್ತ ಸೇರಿದರು. ಸುತಳಿಯಲ್ಲಿ ಒಂದು ಗಂಟಿತ್ತು. ಅದು ಸರಿಯಾಗಿ ನನ್ನ ಹಣೆಯ ನಡುವಿಗೆ ಬಂತು, ಹದಿನಾಲ್ಕು ವರ್ಷದಿಂದ ಚೌಕಟ್ಟು ಬಡಿಯುವ ಜಾಗಕ್ಕೆ. ಸುತಳಿಯ ತುದಿ ಮಾತ್ರ ನನ್ನ ನೆತ್ತಿ ದಾಟಿ ಇನ್ನೂ ಒಂದು ಮೊಳ ಮೇಲಿತ್ತು.

“ಗಂಟು ಹಳೇದ್ರ ಅಳತಿ,” ಎಂದರು. “ಈ ತುದಿ ಹೊಸಾದಕ್ಕ. ಕೊಡ ಹೊತ್ಕಂಡು ಬಂದ್ರೂ ನಿನಗ ತಾಗಬಾರ್ದು. ಅಂಗಡ್ಯಾಗ ಮೋಸ ಮಾಡ್ತಾರ ಅಂತ ನಾನ ಬಂದೀನಿ.”

ಯಾವಾಗ ಅಳೆದಿದ್ದರೋ. ಕಣ್ಣು ತುಂಬಿ ಗೋಡೆಯ ಮೀನುಗಳೆಲ್ಲ ಒಂದಾದವು. ಹಳೆಯದನ್ನು ಏನು ಮಾಡೋಣ ಎಂದು ಕಡೆಗೆ ಹೇಗೋ ಕೇಳಿದೆ.

“ನಾಕು ಕಾಲು ಹಚ್ಚಿಸ್ರಿ. ಕುಂದ್ರಾಕ ಆಕ್ಕತಿ.”

ಅಷ್ಟರಲ್ಲಿ ಗಂಟೆ ಬಾರಿಸಿತು. ಕೋಣೆ ನೋಡಿಕೊಳ್ಳುವ ಹುಡುಗಿ ಬಂದು ಹೊತ್ತಾಯಿತೆಂದಳು. ಮೂಲೆಗೆ ಓಡಿದ್ದ ಮನೆ ನಿಧಾನವಾಗಿ ಮಾವನ ಕಡೆಗೇ ಈಜಿ ಬರುತ್ತಿತ್ತು. ಇನ್ನೆರಡು ನಿಮಿಷ ಇರುತ್ತೇವೆ ಎಂದು ನಾನೇ ಅವಳನ್ನು ಬೇಡಿಕೊಂಡೆ.